‘ಸ್ವಲ್ಪ ದಿನ ಆಡಬ್ಯಾಡ’ ಅಂದ್ರ ಎಷ್ಟ ದಿನ?

ಇವತ್ತು ನಮ್ಮ ಮನೆಯ ವಿಷಯ ಹೇಳ್ತೀನಿ.

ಚಚಡಿಯಲ್ಲಿ ನಮ್ಮ ಅಕ್ಕನ ಮಗ ಇದ್ದಾನೆ. ಈಗ ಎಂಟು ವರ್ಷ. ಕಬಡ್ಡಿ ಹುಚ್ಚು. ಹೋದ ವರ್ಷ ಒಂದು ದಿನ ಕುಂಟತೊಡಗಿದ. "ಮೊಣಕಾಲ ನೋಯಿಸ್ತೈತಿ" ಅಂದ. ಎಲ್ಲೋ ಬಿದ್ದಿರಬೇಕು ಅಂತ ಎಣ್ಣೆ ತಿಕ್ಕಿದೆವು. ಮೊದಲು ತೋರಿಸಿದ ಕಡೆ ಮೊಣಕಾಲಿನ ಎಕ್ಸ್‌ರೇ ತೆಗೆದು, ಏನೂ ಇಲ್ಲ ಅಂದರು. ಎರಡು ತಿಂಗಳು ಹಂಗೇ ಹೋಯಿತು. ಆಮೇಲೆ ಬೆಳಗಾವಿಯಲ್ಲಿ ಮೂಳೆ ಡಾಕ್ಟರೊಬ್ಬರು ಅವನ ತೊಡೆ ಅಗಲಿಸಿ, ತಿರುಗಿಸಿ ನೋಡಿ, ಸೊಂಟದ ಎಕ್ಸ್‌ರೇ ತೆಗೆಸಿದರು. ನೋವು ಮೊಣಕಾಲಲ್ಲಿ, ರೋಗ ಸೊಂಟದಲ್ಲಿ. ಹೆಸರು ಪರ್ಥಿಸ್.

ತೊಡೆಮೂಳೆಯ ಮೇಲ್ತುದಿ ಚೆಂಡಿನ ಹಾಗೆ ದುಂಡಗಿರುತ್ತದೆ. ಅದಕ್ಕೆ ಹೋಗುವ ರಕ್ತ ಕೆಲಕಾಲ ನಿಂತು ಮೂಳೆ ಮೆತ್ತಗಾಗುತ್ತದೆ. ರಕ್ತ ಮರಳಿ ಬಂದು ಹೊಸ ಮೂಳೆ ಕಟ್ಟಲು 2ರಿಂದ 4 ವರ್ಷ ಬೇಕು. ಅಷ್ಟರೊಳಗೆ ಚೆಂಡು ಚಪ್ಪಟೆಯಾದರೆ ಮುಂದೆ ಸೊಂಟ ಬೇಗ ಸವೆಯಬಹುದು. ಅದಕ್ಕೇ ಓಟ, ಜಿಗಿತ ಬಂದ್. ಹೆಚ್ಚಾಗಿ 4ರಿಂದ 8 ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಹುಡುಗರಲ್ಲಿ ಕಾಣುತ್ತದೆ. ನಮ್ಮ ಕರಾವಳಿಯ ಮಕ್ಕಳಲ್ಲಿ ಇದು ಹೆಚ್ಚು ಅಂತ ಮಣಿಪಾಲದ ಡಾಕ್ಟರುಗಳು 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು.

ರೋಗ ತಿಳಿಯಿತು. ಹುಡುಗನಿಗೆ ಹೇಳೋದು ಹೆಂಗ? ಅಕ್ಕ "ಸ್ವಲ್ಪ ದಿನ ಆಡಬ್ಯಾಡಪಾ" ಅಂದಳು. ಅವನು ಗೋಡೆ ಮೇಲೆ ದಿನಕ್ಕೊಂದು ಗೆರೆ ಎಳೆದ. ಹದಿನೈದು ಗೆರೆ ಆದ ಮೇಲೆ, "ಅವ್ವಾ, ಸ್ವಲ್ಪ ದಿನ ಮುಗದ್ವು. ಹೋಗ್ಲಿ?" ಅಕ್ಕ ಮತ್ತೆ "ಇನ್ನ ಸ್ವಲ್ಪ ದಿನ" ಅಂದಳು. ಮರುದಿನ ಕದ್ದು ಆಡಿ, ರಾತ್ರಿ ನೋವಿಗೆ ಒದ್ದಾಡಿದ. ಅಕ್ಕ ಅವನಿಗೆ ಒಂದು ಹೊಡೆದು, ತಾನೇ ಅತ್ತಳು.

ಬೆಳಿಗ್ಗೆ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದೆ. "ಇದು ಆರಾಮ ಇರೋ ಚೆಂಡು, ಇದು ನೋವಿನ ಚೆಂಡು. ಇದು ಗಟ್ಟಿ ಆಗೂತನಕ ಕಬಡ್ಡಿ ಇಲ್ಲ. ಎರಡ ವರ್ಷ ಆಗಬಹುದು, ಹೆಚ್ಚೂ ಆಗಬಹುದು." ಅವತ್ತು ಊಟ ಮಾಡಲಿಲ್ಲ. ಮರುದಿನ ಕೇಳಿದ: "ಮಾಮಾ, ಮುಂದಿನ ಫೋಟೋ ಯಾವಾಗ?" ಈಗ ಅವನು ದಿನ ಎಣಿಸೋದಿಲ್ಲ, ಎಕ್ಸ್‌ರೇ ಎಣಿಸ್ತಾನೆ. ಆಮೇಲೂ ಒಮ್ಮೆ ಕದ್ದು ಆಡಿದ. ಆದರೆ ತಾನೇ ಬಂದು ಹೇಳಿದ.

ಕಬಡ್ಡಿ ಪಾಯಿಂಟ್ ಬರೆಯೋ ಕೆಲಸ ಕೊಡಿಸಿದೆ. "ನಾ ಬರೇ ಬರಕೋತ ಕುಂದ್ರಬೇಕೇನ?" ಅಂತ ವಹಿ ಒಗೆದ. ಅದು ನನ್ನ ತಪ್ಪು. ಅವನಿಗೆ ಮೈ ದಣಿಯಬೇಕು. ಡಾಕ್ಟರು ಈಜು ನಡೀತದೆ ಅಂದರು. ನಮ್ಮ ಕಡೆ ಈಜು ಅಂದರೆ ಬಾವಿ ದಂಡೆಯಿಂದ ದುಡುಮ್ ಅಂತ ಜಿಗಿಯೋದು! ಅದು ಇಲ್ಲ. ಟೊಂಕಕ್ಕೆ ಡಬ್ಬಿ ಕಟ್ಟಿ, ಮೆಟ್ಟಿಲಿಳಿಸಿ ಬಿಡ್ತೀನಿ. ನೀರಿನಲ್ಲಿ ಅವನು ಕುಂಟೋದಿಲ್ಲ. ಗೆಳೆಯರೂ ಈಗ ಬಾವಿಗೇ ಬರ್ತಾರೆ.

ಒಂದು ಮಾತು. ಮಗು ವಾರಗಟ್ಟಲೆ ಕುಂಟಿದರೆ, ಮೊಣಕಾಲಲ್ಲಿ ಏನೂ ಸಿಗದಿದ್ದರೆ, "ಸೊಂಟಾನೂ ನೋಡ್ರೀ" ಅಂತ ಡಾಕ್ಟರಿಗೆ ಕೇಳಿ. ಜ್ವರ ಬಂದು ಕಾಲೂರಲು ಆಗದಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಯಾವ ಆಟ ಆಡಬಹುದು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳಲಿ. ಎಷ್ಟು ದಿನ ಅನ್ನೋದನ್ನ ಮಾತ್ರ ಮಗುವಿಗೆ ನೀವೇ, ನಿಜಾನೇ ಹೇಳಿ.

ಮುಂದಿನ ವಾರ ಸಿಗೋಣ. ಬರ್ಲಾ?