ಮೈನಸ್ ಎಂಬತ್ತು ಅಂತ ತೋರಿಸಿದ್ರೆ ಸಾಲದು

(ವಾಕಡದಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಇಲ್ಲಿ ಕೂತವರಲ್ಲಿ ಮೆಕ್ಯಾನಿಕಲ್ ಓದಿದವರು ಎಷ್ಟು ಜನ, ಸ್ವಲ್ಪ ಕೈ ಎತ್ತಿ. ಹ್ಞಾಂ, ನೋಡಿ, ಅರ್ಧಕ್ಕರ್ಧ! ದಿನಾ ಹಿಂಜವಡಿಗೆ ಹೋಗಿ ಕೋಡ್ ಬರೀತೀರಿ, ಟೆಸ್ಟಿಂಗ್ ಮಾಡ್ತೀರಿ. ನಾನೂ ನಿಮ್ಮ ಹಾಗೇ ಹುಬ್ಬಳ್ಳಿ ಕಡೆಯಿಂದ ಬಂದು ವಾಕಡದಲ್ಲಿ ಮನೆ ಮಾಡಿದವನು. ಆದ್ರೆ ಇನ್ನೂ ಮೆಕ್ಯಾನಿಕಲ್‌ನಲ್ಲೇ ಇದ್ದೀನಿ. ಸಂಶೋಧನಾ ಪ್ರಯೋಗಾಲಯಗಳಲ್ಲಿರುವ ಯಂತ್ರಗಳನ್ನು ನೋಡಿಕೊಳ್ಳೋದು, ಆದ್ರೆ ಇನ್ನಷ್ಟು ಚೆನ್ನಾಗಿ ನಡೆಯೋ ಹಾಗೆ ಮಾಡೋದು ನನ್ನ ಕೆಲಸ. ಫ್ರೀಜರ್, ಸೆಂಟ್ರಿಫ್ಯೂಜ್, ಆಟೋಕ್ಲೇವ್, ವ್ಯಾಕ್ಯೂಮ್ ಪಂಪ್, ಇವೇ ನನ್ನ ಸಂಸಾರ.

"ಅಂದ್ರೆ ರಿಪೇರಿ ಕೆಲಸನಾ?" ಅಂತ ಜನ ಕೇಳ್ತಾರೆ. ಹೌದು, ರಿಪೇರಿನೇ. ಆ ರಿಪೇರಿಯಲ್ಲಿ ಏನಿದೆ ಅಂತ ಇವತ್ತು ಹೇಳ್ತೀನಿ.

ಫ್ರೀಜರ್ ಹೇಳದ ಮಾತು

ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇರುತ್ತೆ. ರೋಗಿಗಳ ರಕ್ತ, ಕೋಶಗಳು, ಯಾರದೋ ನಾಲ್ಕೈದು ವರ್ಷದ ಪಿಎಚ್‌ಡಿ, ಎಲ್ಲ ಅದರೊಳಗೆ. ಅಷ್ಟು ಚಳಿ ಒಂದೇ ಕಂಪ್ರೆಸರ್‌ನಿಂದ ಬರೋದು ಕಷ್ಟ. ಸಾಮಾನ್ಯವಾಗಿ ಎರಡು ಇರ್ತವೆ. ಒಳಗಿನ ಶಾಖವನ್ನು ಎರಡನೆಯದು ಎಳೀತದೆ, ಅದರ ಶಾಖವನ್ನು ಮೊದಲನೆಯದು ತಗೊಂಡು ಕೋಣೆಗೆ ಬಿಡ್ತದೆ. ಕೋಣೆಗೆ ಬಿಡುವ ಜಾಗದಲ್ಲಿ ಒಂದು ಫಿಲ್ಟರ್. ಅದಕ್ಕೆ ಧೂಳು ಹಿಡೀತು ಅಂದ್ರೆ ಮೊದಲನೆಯದು ಬಿಸಿಯಾಗುತ್ತೆ, ಎರಡನೆಯದಕ್ಕೂ ಆಸರೆ ತಪ್ಪುತ್ತೆ.

ಪುಣೆಯಲ್ಲಿ ಧೂಳಿಗೇನು ಬರ? ವಾಕಡದಲ್ಲೇ ನೋಡಿ, ಎಲ್ಲಿ ನೋಡಿದ್ರೂ ಕಟ್ಟಡ ಏಳ್ತಾ ಇದೆ.

ಒಂದು ಲ್ಯಾಬ್, ಹೆಸರು ಬೇಡ. ಮೇ ತಿಂಗಳು. ಶನಿವಾರ ಫ್ರೀಜರ್ ಕೈಕೊಟ್ಟಿತು. ಅಲಾರಂ ಹೊಡೀತು, ಖಾಲಿ ಕಾರಿಡಾರ್‌ನಲ್ಲಿ ಎರಡು ದಿನ ಹೊಡೀತಾನೇ ಇತ್ತು. ಸೋಮವಾರ ಬೆಳಿಗ್ಗೆ ನನಗೆ ಫೋನ್ ಬಂತು. ಹೋಗಿ ನೋಡಿದ್ರೆ ಫಿಲ್ಟರ್ ಕಂಬಳಿ ಥರ ಆಗಿತ್ತು. ಒಬ್ಬಳು ವಿದ್ಯಾರ್ಥಿನಿ ತನ್ನ ಡಬ್ಬಗಳನ್ನು ಒಂದೊಂದಾಗಿ ತೆಗೆದು ನೋಡ್ತಾ ನಿಂತಿದ್ದಳು. ಅಳಲಿಲ್ಲ. "ಇದರಲ್ಲಿದ್ದ ರೋಗಿಗಳು ಎಲ್ಲರೂ ಈಗ ಇಲ್ಲ ಸರ್, ಮತ್ತೆ ಸ್ಯಾಂಪಲ್ ಸಿಗಲ್ಲ" ಅಂದಳು, ಅಷ್ಟೇ.

ನಿಮ್ಮ ಕೆಲಸದಲ್ಲಿ ಸರ್ವರ್ ಬಿದ್ರೆ ಬ್ಯಾಕಪ್ ಇರುತ್ತೆ, ರೋಲ್‌ಬ್ಯಾಕ್ ಮಾಡಬಹುದು. ಕರಗಿದ ಸ್ಯಾಂಪಲ್‌ಗೆ ರೋಲ್‌ಬ್ಯಾಕ್ ಇಲ್ಲ.

ತಪ್ಪು ಯಾರದು? ಫಿಲ್ಟರ್ ತೊಳೆಯೋದು ಯಾರ ಪಟ್ಟಿಯಲ್ಲೂ ಇರಲಿಲ್ಲ. ವಿಷಯ ಅಷ್ಟೇ. ಯಂತ್ರ ಕೊಳ್ಳೋಕೆ ಅನುದಾನ ಸಿಗುತ್ತೆ, ಉದ್ಘಾಟನೆಗೆ ರಿಬ್ಬನ್ ಸಿಗುತ್ತೆ. ಫಿಲ್ಟರ್ ತೊಳೆಯುವವನಿಗೆ ಹುದ್ದೆ ಸಿಗಲ್ಲ.

ಈಗ ಒಂದು ಸೂಕ್ಷ್ಮ ಹೇಳ್ತೀನಿ. ಕೆಡುವ ಮುಂಚೆ ವಾರಗಟ್ಟಲೆ ಆ ಫ್ರೀಜರ್ ಡಿಸ್‌ಪ್ಲೇ ಮೈನಸ್ 80 ಅಂತಾನೇ ತೋರಿಸಿರುತ್ತೆ. ಸುಳ್ಳಲ್ಲ. ಆದ್ರೆ ಮುಂಚೆ ನಿಂತು ನಿಂತು ಓಡ್ತಿದ್ದ ಕಂಪ್ರೆಸರ್ ಈಗ ಬಿಡುವಿಲ್ಲದೆ ಓಡಿ ಆ ಅಂಕಿಯನ್ನು ಹಿಡಿದಿಟ್ಟಿರುತ್ತೆ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪೇಜ್ ಬೇಗ ಲೋಡ್ ಆಗ್ತಿದೆ, ಸಿಪಿಯು ಮಾತ್ರ ನೂರಕ್ಕೆ ನೂರು. ಆಮೇಲೆ ನಾನು ಮಾಡಿದ ಸುಧಾರಣೆ ದೊಡ್ಡದೇನಲ್ಲ. ಕಂಪ್ರೆಸರ್ ಗಂಟೆಗೆ ಎಷ್ಟು ನಿಮಿಷ ಓಡ್ತದೆ ಅಂತ ದಾಖಲಿಸೋದು, ಅಲಾರಂ ಮೂರು ಜನರ ಮೊಬೈಲ್‌ಗೆ ಹೋಗೋದು, ಫ್ರೀಜರನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯೋದು, ತಿಂಗಳ ಮೊದಲ ಸೋಮವಾರ ಫಿಲ್ಟರ್ ತೊಳೆಯೋದು.

ಅಡುಗೆಮನೆಯಲ್ಲಿರುವ ಪಾಠ

ಆಟೋಕ್ಲೇವ್ ಅಂದ್ರೆ ದೊಡ್ಡ ಕುಕ್ಕರ್. ಸುಮಾರು 15 ಪಿಎಸ್‌ಐ ಒತ್ತಡದಲ್ಲಿ 121 ಡಿಗ್ರಿಯ ಆವಿ ಬರಬೇಕು, ಸಾಮಾನ್ಯವಾಗಿ 15 ನಿಮಿಷವಾದ್ರೂ ಇಡಬೇಕು, ಆಗ ಸೂಕ್ಷ್ಮಜೀವಿಗಳು ಸಾಯ್ತವೆ. ಒಳಗೆ ಗಾಳಿ ಉಳಿದಿದ್ರೆ? ಮೀಟರ್ 15 ತೋರಿಸುತ್ತೆ, ಬಿಸಿ ಮಾತ್ರ 121 ಮುಟ್ಟಿರಲ್ಲ. ನಮ್ಮ ಅಮ್ಮಂದಿರು ಕುಕ್ಕರ್‌ನಿಂದ ಆವಿ ಜೋರಾಗಿ ಬರೋ ತನಕ ಕಾದು ಆಮೇಲೆ ವೇಟ್ ಹಾಕ್ತಾರಲ್ಲ, ಅದು ಗಾಳಿಯನ್ನು ಹೊರಗೆ ಹಾಕೋ ಉಪಾಯ. ಇಷ್ಟು ಹೇಳಿದ ಮೇಲೆ ಹೊಸ ಹುಡುಗರು ಮತ್ತೆ ಮರೆಯಲ್ಲ.

ಸೆಂಟ್ರಿಫ್ಯೂಜ್ ಲೆಕ್ಕ ಇನ್ನೂ ಚಂದ. 10 ಸೆಂಟಿಮೀಟರ್ ತ್ರಿಜ್ಯ, ನಿಮಿಷಕ್ಕೆ 10,000 ಸುತ್ತು. ಗುರುತ್ವದ ಸುಮಾರು 11,000 ಪಟ್ಟು ಬಲ ಬರುತ್ತೆ. ಎದುರುಬದುರು ಟ್ಯೂಬ್‌ಗಳಲ್ಲಿ ಒಂದೇ ಒಂದು ಗ್ರಾಂ ವ್ಯತ್ಯಾಸ ಇದ್ರೂ 11 ಕಿಲೋ ಭಾರ ಒಂದು ಕಡೆಗೆ ಎಳೆದ ಹಾಗೆ. ಬೇರಿಂಗ್ ಎಷ್ಟು ದಿನ ತಾಳೀತು? ಟ್ಯೂಬ್ ತೂಗಿ ಹಾಕಿ ಅಂತ ಬೋರ್ಡ್ ಇತ್ತು, ಯಾರೂ ತೂಗ್ತಿರಲಿಲ್ಲ. ತಕ್ಕಡಿ ಪಕ್ಕದ ಕೋಣೆಯಲ್ಲಿತ್ತು, ಅದಕ್ಕೆ. ಒಂದು ಸಣ್ಣ ತಕ್ಕಡಿ ತಂದು ಯಂತ್ರದ ಪಕ್ಕದಲ್ಲೇ ಇಟ್ವಿ. ಈಗ ಎಲ್ಲರೂ ತೂಗ್ತಾರೆ. ಮನುಷ್ಯನ ಸೋಮಾರಿತನವನ್ನೂ ಲೆಕ್ಕಕ್ಕೆ ಹಿಡಿದು ಮಾಡಿದರೇನೇ ಅದು ಇಂಜಿನಿಯರಿಂಗ್.

ವಿಜ್ಞಾನದ ಹಿಂದಿನ ವರ್ಕ್‌ಶಾಪ್

ಸರ್ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಐಐಎಸ್‌ಸಿಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನೊಬೆಲ್ ಪಡೆದ ಅವರು ಗಮನ ಕೊಟ್ಟ ಕೆಲಸಗಳಲ್ಲಿ ಒಂದು, ಉಪಕರಣ ತಯಾರಿಸುವ ವರ್ಕ್‌ಶಾಪ್.

ನಮ್ಮ ಪಕ್ಕದಲ್ಲೇ ಇನ್ನೊಂದಿದೆ. ನಾರಾಯಣಗಾಂವ್ ಹತ್ತಿರದ ಖೋಡದದಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕ. ತಲಾ 45 ಮೀಟರ್ ಅಗಲದ 30 ತಟ್ಟೆಗಳು. ಗಟ್ಟಿ ತಗಡು ಹಾಕಿದ್ದರೆ ಗಾಳಿಯ ಹೊಡೆತ ತಡೆಯಲು ಭಾರಿ ಉಕ್ಕು ಬೇಕಿತ್ತು, ಖರ್ಚು ಕೈಮೀರುತ್ತಿತ್ತು. ಗೋವಿಂದ ಸ್ವರೂಪ್ ಅವರ ತಂಡ ತೆಳು ಸ್ಟೀಲ್ ತಂತಿಯ ಜಾಲರಿಯನ್ನು ಹಗ್ಗದಂಥ ತಂತಿಗಳ ಮೇಲೆ ಬಿಗಿದು ಕಟ್ಟಿತು. ಗಾಳಿ ತೂರಿ ಹೋಗುತ್ತೆ, ಉದ್ದ ರೇಡಿಯೋ ಅಲೆ ಮಾತ್ರ ತಿರುಗಿ ಬರುತ್ತೆ. ಖಗೋಳ ವಿಜ್ಞಾನ ಅಲ್ಲಿ ನಿಂತಿರೋದು ಮೆಕ್ಯಾನಿಕಲ್ ವಿದ್ಯೆಯ ಮೇಲೆ. ಆ ತಂತಿ, ಮೋಟರ್, ಗೇರ್‌ಗಳನ್ನು ವರ್ಷವಿಡೀ ನೋಡಿಕೊಳ್ಳುವ ಜನ ಇದ್ದಾರೆ. ಒಂದು ರಜೆಯ ದಿನ ಮಕ್ಕಳನ್ನು ಆ ಕಡೆ ಕರೆದುಕೊಂಡು ಹೋಗಿ, ಆ ತಟ್ಟೆಗಳನ್ನು ದೂರದಿಂದಾದರೂ ತೋರಿಸಿ.

ಕೊನೆಗೆ ಒಂದು ಬೇಡಿಕೆ

ನೀವು ಬಿಟ್ಟು ಬಂದ ವಿದ್ಯೆ ಹಾಳಾಗಿಲ್ಲ. ನಿಮಗೆ ಯಂತ್ರವೂ ಗೊತ್ತು, ಡೇಟಾನೂ ಗೊತ್ತು. ಈ ಎರಡೂ ಒಟ್ಟಿಗೆ ಗೊತ್ತಿರೋರು ಲ್ಯಾಬ್‌ಗಳಿಗೆ ಬೇಕು, ಸಿಗ್ತಾ ಇಲ್ಲ. ಹಾಗಂತ ಕೆಲಸ ಬಿಟ್ಟು ಬನ್ನಿ ಅನ್ನಲ್ಲ, ಇಎಂಐ ನನಗೂ ಇದೆ.

ದೀಪಾವಳಿಗೆ ಊರಿಗೆ ಹೋಗ್ತೀರಲ್ಲ, ನೀವು ಓದಿದ ಕಾಲೇಜಿಗೆ ಒಂದು ಸಲ ಹೋಗಿ. ಲ್ಯಾಬ್‌ನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿರೋ ಒಂದು ಯಂತ್ರ ಖಂಡಿತ ಇರುತ್ತೆ. ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಕೂತು, ಯಾವಾಗ ನಿಂತಿತು, ಯಾಕೆ ನಿಂತಿತು ಅಂತ ಕೇಳಿ. ಯಂತ್ರದ ಬಗ್ಗೆ ಅವರಿಗೆ ತಿಳಿದಷ್ಟು ಪ್ರಿನ್ಸಿಪಾಲರಿಗೂ ತಿಳಿದಿರಲ್ಲ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದು, ಆ ಯಂತ್ರಕ್ಕೇ ದಾರ ಕಟ್ಟಿ ತೂಗುಹಾಕಿ ಬನ್ನಿ. ಅನೇಕ ರಿಪೇರಿಗಳು ಅಲ್ಲಿಂದಲೇ ಶುರುವಾಗೋದು.

ಪ್ರಶ್ನೆ ಇದ್ರೆ ಕೇಳಿ, ಚಹಾ ಕುಡೀತಾ ಮಾತಾಡೋಣ.