ಬಾಗಿದ ಬೆನ್ನಿಗೆ ಯಾವ ಗಾದಿ?

(ರೋಗಿಗಳಿಗೂ ಅವರ ಮನೆಯವರಿಗೂ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸದ ಬರಹರೂಪ)



ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವ ತೊಂದರೆಗೆ ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಈ ತೊಂದರೆ ಇರುವ ದೊಡ್ಡವರು ಆಸ್ಪತ್ರೆಗೆ ಬಂದಾಗ ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: "ಸಿಸ್ಟರ್, ರಾತ್ರಿ ನಿದ್ದೆ ಬರುವುದಿಲ್ಲ, ಯಾವ ಗಾದಿ ತೆಗೆದುಕೊಳ್ಳಬೇಕು?" ಕೆಲವರು ಯಾರೋ ಹೇಳಿದರೆಂದು ಗಾದಿ ಬಿಟ್ಟು ಬರಿ ಹಲಗೆಯ ಮೇಲೆ ಮಲಗುತ್ತಿರುತ್ತಾರೆ. ಇನ್ನು ಕೆಲವರು ಸಾಲ ಮಾಡಿ ಬೆಲೆಬಾಳುವ ಗಾದಿ ತಂದು, ಅದರ ಮೇಲೂ ಹೊರಳಾಡುತ್ತ ಬೆಳಗು ಮಾಡುತ್ತಾರೆ. ಇವರಿಬ್ಬರಿಗೂ ಉಪಯೋಗವಾಗಲಿ ಎಂದು ಇಂದಿನ ಮಾತುಗಳು.

ಗಾದಿಯಿಂದ ಆಗುವುದು, ಆಗದಿರುವುದು

ಎಕ್ಸ್‌ರೇಯಲ್ಲಿ ಬೆನ್ನಿನ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಸ್ಕೋಲಿಯೋಸಿಸ್. ಈ ಅಳತೆಗೆ ಕಾಬ್ ಕೋನ ಎಂದು ಹೆಸರು. ಕೆಲವರಿಗೆ ಇದು ಹರೆಯದಲ್ಲಿ ಬಂದು ಉಳಿದುಕೊಂಡದ್ದು. ಕೆಲವರಿಗೆ ವಯಸ್ಸಾದಂತೆ ಬೆನ್ನಿನ ಡಿಸ್ಕು, ಕೀಲುಗಳು ಸವೆದು ಬಂದದ್ದು. ಹರೆಯದಲ್ಲಿ ಬಂದ ಬಾಗು ಬೆಳವಣಿಗೆ ಮುಗಿದಾಗ 30 ಡಿಗ್ರಿಗಿಂತ ಕಡಿಮೆ ಇದ್ದರೆ ಮುಂದೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. 50 ಡಿಗ್ರಿ ಮೀರಿದ್ದರೆ ವರ್ಷಕ್ಕೆ ಸುಮಾರು 1 ಡಿಗ್ರಿಯಷ್ಟು ಹೆಚ್ಚಬಹುದು. ಅಂಥವರು ವೈದ್ಯರು ಹೇಳಿದ ಅವಧಿಗೆ ತಪ್ಪದೆ ತೋರಿಸಿಕೊಳ್ಳಬೇಕು.

ಯಾವ ಗಾದಿಯೂ ಈ ಬಾಗನ್ನು ನೆಟ್ಟಗೆ ಮಾಡುವುದಿಲ್ಲ. ಹಾಗೆಯೇ, ಗಾದಿ ಸರಿಯಿಲ್ಲದ್ದರಿಂದ ಬಾಗು ಬಂದದ್ದೂ ಅಲ್ಲ. "ಮೆತ್ತನೆ ಗಾದಿಯಲ್ಲಿ ಮಲಗಿಸಿ ನಾನೇ ಮಗಳ ಬೆನ್ನು ಕೆಡಿಸಿದೆ" ಎಂದು ಕೊರಗುವ ತಾಯಂದಿರು ಆ ಕೊರಗನ್ನು ಇಲ್ಲಿಯೇ ಬಿಟ್ಟುಬಿಡಿ. ಗಾದಿ ಮಾಡಬಲ್ಲ ಕೆಲಸ ಒಂದೇ: ನೋವನ್ನು ತಗ್ಗಿಸಿ ನಿದ್ದೆಗೆ ಅನುಕೂಲ ಮಾಡಿಕೊಡುವುದು. ಇದು ಸಣ್ಣ ಕೆಲಸವಲ್ಲ. ನಿದ್ದೆಗೆಟ್ಟ ಮೈಗೆ ಅದೇ ನೋವು ಮರುದಿನ ಹೆಚ್ಚಾಗಿ ಕಾಣುತ್ತದೆ. ನೋವು ಹೆಚ್ಚಾದರೆ ರಾತ್ರಿ ಮತ್ತೆ ನಿದ್ದೆ ಇಲ್ಲ. ಈ ಸುತ್ತನ್ನು ಮುರಿಯಬೇಕು.

ಗಟ್ಟಿಯೂ ಬೇಡ, ಮೆತ್ತಗೂ ಬೇಡ

ಸ್ಕೋಲಿಯೋಸಿಸ್‌ನಲ್ಲಿ ಬೆನ್ನು ಬಾಗುವುದರ ಜೊತೆಗೆ ತಿರುಚಿಕೊಂಡೂ ಇರುತ್ತದೆ. ಹೀಗಾಗಿ ಒಂದು ಕಡೆ ಪಕ್ಕೆಲುಬು ಉಬ್ಬಿ, ಇನ್ನೊಂದು ಕಡೆ ಸೊಂಟದ ಹತ್ತಿರ ತಗ್ಗು ಇರುತ್ತದೆ. ಹಲಗೆಯ ಮೇಲೆ ಮಲಗಿದರೆ ಮೈಭಾರವೆಲ್ಲ ಆ ಉಬ್ಬಿನ ಮೇಲೆ ಬೀಳುತ್ತದೆ, ತಗ್ಗಿಗೆ ಆಧಾರವೇ ಸಿಗುವುದಿಲ್ಲ. ತೀರ ಮೆತ್ತನೆಯ ಗಾದಿಯಲ್ಲಿ ಸೊಂಟ ಜೋಳಿಗೆಯಲ್ಲಿ ಬಿದ್ದಂತೆ ಕುಸಿಯುತ್ತದೆ; ಮಗ್ಗುಲು ಬದಲಿಸಲು ಎಚ್ಚರಗೊಂಡು ಒದ್ದಾಡಬೇಕಾಗುತ್ತದೆ.

2003ರಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ಮಧ್ಯಮ ಗಟ್ಟಿಯ ಗಾದಿ ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯ ಗಾದಿಯವರಿಗೇ ಹೆಚ್ಚು ಆರಾಮ ಸಿಕ್ಕಿತು. ಅವರದು ಸಾಮಾನ್ಯ ಸೊಂಟನೋವು, ಸ್ಕೋಲಿಯೋಸಿಸ್ ಅಲ್ಲ. ಆದ್ದರಿಂದ ಮಧ್ಯಮ ಗಟ್ಟಿಯಿಂದ ಪ್ರಾರಂಭಿಸಿ. ಮುಂದಿನದನ್ನು ನಿಮ್ಮ ಬೆನ್ನೇ ಹೇಳಲಿ. ಮೈಭಾರ ಹೆಚ್ಚಿರುವವರಿಗೆ ತುಸು ಗಟ್ಟಿ, ತೆಳ್ಳಗಿರುವವರಿಗೆ ತುಸು ಮೆತ್ತಗೆ ಹಿಡಿಸಬಹುದು.

ಹಣ ಖರ್ಚು ಮಾಡುವ ಮೊದಲು

ಮನೆಯಲ್ಲಿ ಇರುವುದನ್ನೇ ಸರಿಪಡಿಸಿ ಎರಡು ವಾರ ನೋಡಿ.

1. ಹತ್ತಿಯ ಗಾದಿ ಗಂಟುಗಂಟಾಗಿ ನಡುವೆ ತಗ್ಗು ಬಿದ್ದಿದ್ದರೆ ಹತ್ತಿ ಹಿಂಜಿಸಿ ಮತ್ತೆ ತುಂಬಿಸಿ, ಬಿಸಿಲಿಗೆ ಹಾಕಿ.

2. ತೆಂಗಿನ ನಾರಿನ ಗಾದಿ ಅಥವಾ ಹಲಗೆ ಒತ್ತುತ್ತಿದ್ದರೆ ಮೇಲೆ ಎರಡು ಕೌದಿ ಮಡಚಿ ಹಾಸಿ.

3. ಫೋಮ್ ಗಾದಿ ಕುಸಿಯುತ್ತಿದ್ದರೆ ಅದರ ಕೆಳಗೆ ಪ್ಲೈವುಡ್ ಹಲಗೆ ಇಡಿ. ನವಾರದ ಮಂಚ ಜೋತುಬಿದ್ದಿದ್ದರೆ ಪಟ್ಟಿ ಬಿಗಿಸಿ.

4. ನೆಲದ ಮೇಲೆ ಗಾದಿ ಹಾಸಿ ಮಲಗಬಹುದು. ಆದರೆ ಮೊಣಕಾಲು ನೋವಿರುವವರು, ವಯಸ್ಸಾದವರು ಏಳುವಾಗ ಬೀಳುವ ಭಯವಿದೆ. ಕುಳಿತಾಗ ಪಾದ ನೆಲಕ್ಕೆ ಊರುವಷ್ಟು ಎತ್ತರದ ಮಂಚ ಅವರಿಗೆ ಒಳ್ಳೆಯದು.

ಈ ಎರಡು ವಾರ ಒಂದು ನೋಟುಬುಕ್ಕಿನಲ್ಲಿ ದಿನಾ ಮೂರು ವಿಷಯ ಬರೆಯಿರಿ: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಬೆಳಗ್ಗೆ ಬೆನ್ನು ಎಷ್ಟು ಹೊತ್ತು ಬಿಗಿಯಾಗಿತ್ತು, ನೋವು ಎಲ್ಲಿತ್ತು. ಬೇರೆ ಊರಿಗೆ ಹೋದಾಗ ಅಲ್ಲಿಯ ಹಾಸಿಗೆಯಲ್ಲಿ ನಿದ್ದೆ ಚೆನ್ನಾಗಿ ಬಂದರೆ ಅದನ್ನೂ ಬರೆಯಿರಿ. ಆಗ ದೋಷ ಗಾದಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ.

ಕೊಳ್ಳಲೇಬೇಕಾದರೆ

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಸಾಲದು. ಸಂಕೋಚಪಡದೆ 15 ನಿಮಿಷ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಎರಡೂ ಕಡೆಯಿಂದ ಕೈ ತೂರಿಸಿ. ಕೈ ತೂರಲು ಕಷ್ಟವಾದರೆ ಗಾದಿ ಮೆತ್ತಗಾಯಿತು. ಎರಡೂ ಕಡೆ ದೊಡ್ಡ ಸಂದು ಇದ್ದರೆ ಗಟ್ಟಿಯಾಯಿತು. ಒಂದೇ ಕಡೆ ಸಂದು ಇದ್ದರೆ ಅದು ನಿಮ್ಮ ಬೆನ್ನಿನ ತಗ್ಗು. ಅದಕ್ಕೆ ಮಡಚಿದ ಟವೆಲ್ ಸಾಕು, ಬೇರೆ ಗಾದಿ ಬೇಕಿಲ್ಲ. ಕೊನೆಗೆ ಮಗ್ಗುಲು ಬದಲಿಸಿ ನೋಡಿ, ಕಷ್ಟವಿಲ್ಲದೆ ಹೊರಳುವಂತಿರಬೇಕು. ಹಿಡಿಸದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. "ಆರ್ಥೋಪೆಡಿಕ್" ಎಂಬ ಚೀಟಿ ನೋಡಿ ಮರುಳಾಗಬೇಡಿ. ಆ ಚೀಟಿ ಅಂಟಿಸಿದವರು ನಿಮ್ಮ ಎಕ್ಸ್‌ರೇ ನೋಡಿಲ್ಲ.

ಮಲಗುವ ರೀತಿ, ಏಳುವ ರೀತಿ

ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳಿ. ಮಗ್ಗುಲಾಗಿ ಮಲಗುವವರು ಎರಡು ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟು, ಸೊಂಟದ ಕೆಳಗಿನ ಸಂದಿಗೆ ಮಡಚಿದ ಟವೆಲ್ ಇಡಿ. ತಲೆದಿಂಬು ಕುತ್ತಿಗೆ ನೆಟ್ಟಗೆ ಇರುವಷ್ಟೇ ಎತ್ತರವಿರಲಿ. ಬೋರಲು ಮಲಗಿದರೆ ಕುತ್ತಿಗೆ ತಿರುಚುತ್ತದೆ, ಆದಷ್ಟು ಬಿಡಿ. ಎಡಮಗ್ಗುಲೋ ಬಲಮಗ್ಗುಲೋ ಎಂಬ ನಿಯಮವಿಲ್ಲ, ನೋವು ಕಡಿಮೆ ಇರುವ ಮಗ್ಗುಲೇ ನಿಮ್ಮದು. ಏಳುವಾಗ ನೇರ ಎದ್ದು ಕೂರಬೇಡಿ. ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ಎದ್ದ ಕೂಡಲೇ ಇಷ್ಟಲಿಂಗ ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರುವವರು ಮೊದಲು ಹತ್ತು ನಿಮಿಷ ಮನೆಯೊಳಗೆ ಓಡಾಡಿ. ಬೆನ್ನಿನ ಬಿಗಿ ಸಡಿಲಿದರೆ ಕುಳಿತುಕೊಳ್ಳುವುದು ಹಗುರವಾಗುತ್ತದೆ.

ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ರಾಡು ಹಾಕಿಸಿಕೊಂಡವರು ಇದರಲ್ಲಿ ಯಾವುದನ್ನೂ ಶಸ್ತ್ರವೈದ್ಯರನ್ನು ಕೇಳದೆ ಮಾಡಬೇಡಿ.

ಗಾದಿಯ ಮೇಲೆ ತಪ್ಪು ಹೊರಿಸಿ ಕೂರಬೇಡಿ

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಹೇಗೆ ಮಲಗಿದರೂ ರಾತ್ರಿಯ ನೋವು ತಗ್ಗದಿದ್ದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ತೂಕ ಇಳಿಯುತ್ತಿದ್ದರೆ, ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಹೊಸ ನೋವು ಬಂದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಬಾಗು ದೊಡ್ಡದಿರುವವರಿಗೆ ಬೆಳಗ್ಗೆ ಎದ್ದಾಗ ದಿನವೂ ತಲೆನೋವಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಜೋಮುಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಬನ್ನಿ. ಇವು ಗಾದಿ ಬದಲಿಸಿದರೆ ಹೋಗುವ ತೊಂದರೆಗಳಲ್ಲ. ಇನ್ನೊಂದು ಗಾದಿ ಹುಡುಕುತ್ತ ಕಳೆದ ಒಂದು ವಾರ ಕಾಲಿನ ಶಕ್ತಿಯನ್ನೇ ಕಳೆಯಬಹುದು.

ಕಾಯಕಕ್ಕೆ ಕಾಯ ಬೇಕು, ಕಾಯಕ್ಕೆ ನಿದ್ದೆ ಬೇಕು. ಮುಂದಿನ ಸಲ ಬರುವಾಗ ನಿಮ್ಮ ನೋಟುಬುಕ್ಕು ತನ್ನಿ, ಕುಳಿತು ಇಬ್ಬರೂ ನೋಡೋಣ.