ಪಾತ್ರರು, ಅಪಾತ್ರರು

ಸಮಾಜಕಾರ್ಯದ ಪಠ್ಯಪುಸ್ತಕ ತೆರೆದರೆ ಅದರ ತತ್ವಗಳು ಸಜ್ಜನರೆಲ್ಲ ಕೂತು ಬರೆದ ಸುಭಾಷಿತದಂತೆ ಕಾಣುತ್ತವೆ: ಬಂದವರನ್ನು ಇದ್ದಂತೆಯೇ ಒಪ್ಪಿಕೊಳ್ಳಿ, ತೀರ್ಪು ಕೊಡಬೇಡಿ, ಗುಟ್ಟು ಕಾಯಿರಿ, ಅವರ ಬದುಕನ್ನು ಅವರೇ ನಿರ್ಧರಿಸಲಿ. ಆದರೆ ಈ ವೃತ್ತಿ ತನ್ನದೇ ತಪ್ಪುಗಳನ್ನು ತಿದ್ದಿಕೊಳ್ಳುತ್ತ ಬಂದಾಗ ದಕ್ಕಿದ ತತ್ವಗಳಿವು ಎಂಬುದು ನನ್ನ ವಾದ. 1869ರಲ್ಲಿ ಲಂಡನ್ನಿನಲ್ಲಿ ಚಾರಿಟಿ ಆರ್ಗನೈಸೇಶನ್ ಸೊಸೈಟಿ ಶುರುವಾಯಿತು. ದಾನ ದಿಕ್ಕಿಲ್ಲದೆ ಹರಿಯುತ್ತಿದೆ, ಅದರಿಂದ ಬಡವರು ಕೆಡುತ್ತಿದ್ದಾರೆ ಎಂಬುದು ಅದರ ಆತಂಕ. ಹಾಗಾಗಿ ಸ್ವಯಂಸೇವಕರು ಮನೆಮನೆಗೆ ಹೋಗಿ, ಕಷ್ಟಕ್ಕೆ ಕುಡಿತ ಕಾರಣವೋ ಸೋಮಾರಿತನ ಕಾರಣವೋ ಎಂದು ವಿಚಾರಿಸಿ, ಯಾರು ಪಾತ್ರರು, ಯಾರು ಅಪಾತ್ರರು ಎಂದು ವಿಂಗಡಿಸಿದರು. ಅಪಾತ್ರದಾನದ ಭಯ ನಮಗೂ ಹೊಸದಲ್ಲವಲ್ಲ! ಆದರೆ ಮನೆಭೇಟಿ, ಒಬ್ಬೊಬ್ಬರಿಗೂ ಒಂದು ಕಡತ ಎಂಬ ಕ್ರಮ ಬೇರೂರಿದ್ದೂ ಇಲ್ಲೇ. ಇಂಥದೇ ಸಂಸ್ಥೆಯೊಂದರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ, 1889ರಲ್ಲಿ ಕೆಲಸಕ್ಕೆ ಸೇರಿದ ಮೇರಿ ರಿಚ್ಮಂಡ್ 1917ರ ‘ಸೋಷಿಯಲ್ ಡಯಾಗ್ನೋಸಿಸ್’ ಪುಸ್ತಕದಲ್ಲಿ ವಿಚಾರಣೆಯ ದಿಕ್ಕನ್ನೇ ತಿರುಗಿಸಿದರು. ನಡತೆಯನ್ನು ಅಳೆಯುವ ಬದಲು ಮನುಷ್ಯನ ಪರಿಸ್ಥಿತಿಗೆ ಸಾಕ್ಷ್ಯ ಹುಡುಕಿದರು. 1957ರಲ್ಲಿ ಫೆಲಿಕ್ಸ್ ಬೀಸ್ಟೆಕ್, ಆರಂಭದಲ್ಲಿ ಹೇಳಿದವೂ ಸೇರಿದಂತೆ, ಏಳು ತತ್ವಗಳನ್ನು ಹೆಣೆದರು. ತೀರ್ಪು ಕೊಡಬೇಡಿ ಎಂದ ಈತ ಪಾಪಪುಣ್ಯಗಳನ್ನು ನಂಬುವ ಜೆಸುಯಿಟ್ ಪಾದ್ರಿ ಎಂಬುದು ಗಮನಾರ್ಹ.

ಈ ವೃತ್ತಿ ನಮ್ಮಲ್ಲಿಗೂ ಬಂತು. 1936ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶರ್ಟ್ ನೇತೃತ್ವದಲ್ಲಿ, ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಾಗಿ ಬೆಳೆದ ಸಮಾಜಕಾರ್ಯದ ಶಾಲೆ ಆರಂಭವಾಯಿತು. ಆದರೆ ಈ ತತ್ವಗಳ ಬಗ್ಗೆ ಇಲ್ಲಿ ಒಂದು ಆಕ್ಷೇಪವಿದೆ: ಸ್ವನಿರ್ಧಾರ ಪಶ್ಚಿಮದ ಸರಕು, ನಮ್ಮಲ್ಲಿ ನಿರ್ಧರಿಸುವುದು ಮನೆಯವರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಮನೆಯವರ ಮಾತು ನೆರವಿಗೆ ಬಂದ ವ್ಯಕ್ತಿಯ ಬಾಯಿ ಮುಚ್ಚಿಸಬೇಕಿಲ್ಲ. ಉದಾಹರಣೆಗೆ, ಮುಂದೆ ಮಾನಸಿಕ ಕಾಯಿಲೆ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು ನಮ್ಮದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವಕಾಶ ಕೊಟ್ಟಿದೆ; ತನ್ನ ಪರವಾಗಿ ನಿಲ್ಲುವವರು ಮನೆಯವರೋ ಬೇರೆಯವರೋ ಎಂಬುದನ್ನೂ ಆ ವ್ಯಕ್ತಿಯೇ ಆರಿಸಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಸಿದವನಿಗೆ ಎಲ್ಲಿಯ ಆಯ್ಕೆ? ಷಿಕಾಗೋದಲ್ಲಿ ಜೇನ್ ಆಡಮ್ಸ್ ಕಟ್ಟಿದ ಹಲ್ ಹೌಸ್‌ನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರ್ಮಿಕರ ಕೇರಿಯಲ್ಲೇ ವಾಸವಿದ್ದ ಅವರು ಬರೀ ಸಮಾಧಾನ ಹೇಳುತ್ತ ಕೂರಲಿಲ್ಲ. ಅಲ್ಲಿನ ಫ್ಲಾರೆನ್ಸ್ ಕೆಲ್ಲಿ ಮತ್ತಿತರರ ಹೋರಾಟದಿಂದ 1893ರಲ್ಲಿ ಇಲಿನಾಯ್ ರಾಜ್ಯ ಕಾರ್ಖಾನೆ ಹೆಂಗಸರ ದುಡಿಮೆಯನ್ನು ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತು. ಎರಡೇ ವರ್ಷಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಆ ಮಿತಿಯನ್ನು ಕಿತ್ತುಹಾಕಿತು. ಎಷ್ಟು ಹೊತ್ತು ದುಡಿಯಬೇಕೆಂದು ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಹೆಂಗಸರಿಗೂ ಇದೆ ಎಂಬುದು ಕೋರ್ಟ್ ಕೊಟ್ಟ ಕಾರಣ.